ಹೆಸರಿದ್ದರೆ ಸಾಕು

ಮನೆಯಲ್ಲಿ ತಮ್ಮನನ್ನು ಎಲ್ಲರೂ ಕರೆಯುತ್ತಿದ್ದುದು 'ಅರ್ಧಂಬರ್ಧ' ಎಂದೇ. ಓದನ್ನು ಎರಡು ಸಲ ನಡುವೆ ಬಿಟ್ಟು, ಕೊನೆಗೆ ಬಸ್ ಕಂಪನಿಯೊಂದರ ಕಚೇರಿಯಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವನು. ಕೆಲಸದಲ್ಲಿ ಗಟ್ಟಿಗ. ಆದರೆ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದವನು ಒಬ್ಬನೇ, ಅಕ್ಕನ ಗಂಡ. ನಾಲ್ಕು ಜನರ ಎದುರಿಗೇ 'ಇಂಜಿನಿಯರ್ರೇ' ಎಂದು ಕರೆಯುತ್ತಿದ್ದ. ಹೊಗಳಿಕೆಗೆ ಹಸಿದವನಿಗೆ ಅಷ್ಟು ಸಾಕಾಗಿತ್ತು.

ಭಾವನದು ಔಷಧಿ ಅಂಗಡಿ. ಅಕ್ಕ ಮನೆಯಲ್ಲೇ ಕೂತು, ಬಟ್ಟೆ ಕಾರ್ಖಾನೆಗೆ ಅಂಗಿಗಳ ಮಾದರಿಯನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿ ಕಳಿಸುತ್ತಿದ್ದಳು. ತೋಳು ಹೆಗಲಿಗೆ ಸೇರುವ ತಿರುವು ಕೂದಲೆಳೆಯಷ್ಟು ತಪ್ಪಿದರೂ ಸಾವಿರ ಅಂಗಿ ಕಂಕುಳಲ್ಲಿ ಹಿಡಿಯುತ್ತವೆ ಎನ್ನುತ್ತಿದ್ದಳು. ಒಂದು ತೋಳಿಗೆ ಒಂದು ದಿನ ಹಿಡಿಯುವುದೂ ಇತ್ತು.

ಮದುವೆಯಾಗಿ ನಾಲ್ಕನೇ ವರ್ಷ ಭಾವ ತಮ್ಮನನ್ನು ಮನೆಗೆ ಕರೆಸಿಕೊಂಡ.

"ಅಂಗಡಿ ದಾಸ್ತಾನಿನ ಪಟ್ಟಿ ಎಲ್ಲಾ ಅವಳ ಲ್ಯಾಪ್‌ಟಾಪಲ್ಲೇ ಇದೆ. ಅಂಗಡಿಯಿಂದಾನೇ ಅದನ್ನ ತೆಗೆದು ನೋಡೋ ಹಾಗೆ ಮಾಡ್ಕೊಡಿ ಇಂಜಿನಿಯರ್ರೇ."

"ಆಗುತ್ತೆ ಭಾವ. ಆದ್ರೆ ಮನೆ ಇಂಟರ್ನೆಟ್ಟಿಗೆ ಕಂಪನಿಯೋರು ಕೊಟ್ಟಿರೋ ನಂಬರ್ ಇದ್ಯಲ್ಲ, ಐಪಿ ಅಂತ, ಅದು ನಿಲ್ಲಲ್ಲ. ಒಂದ್ಸಲ ಕರೆಂಟ್ ಹೋಗಿ ಬಂದ್ರೆ ಬದಲಾಗ್ಬಿಡುತ್ತೆ. ಬದಲಾಗದೇ ಇರೋದು ಬೇಕು ಅಂದ್ರೆ ಸ್ಟ್ಯಾಟಿಕ್ ಐಪಿಗೆ ಅರ್ಜಿ ಹಾಕ್ಬೇಕು. ಅದೇ ಗಟ್ಟಿ."

"ಅರ್ಜಿ ಗಿರ್ಜಿ ಬೇಡ. ಬೇರೆ ದಾರಿ ಇಲ್ವಾ?"

ಇತ್ತು. ಡೈನಾಮಿಕ್ ಡಿಎನ್ಎಸ್ ಎಂಬ ಸೇವೆಯಲ್ಲಿ ಒಂದು ಹೆಸರು ಬರೆಸಬೇಕು. ಒಂದು ಸಣ್ಣ ಪ್ರೋಗ್ರಾಂ ಐದೈದು ನಿಮಿಷಕ್ಕೊಮ್ಮೆ 'ಈಗ ನನ್ನ ನಂಬರು ಇದು' ಎಂದು ಆ ಸೇವೆಗೆ ವರದಿ ಮಾಡುತ್ತಿರುತ್ತದೆ. ಯಾರಾದರೂ ಹೆಸರು ಹೇಳಿ ಕೇಳಿದರೆ ಆ ಹೊತ್ತಿನ ನಂಬರು ಸಿಗುತ್ತದೆ. ಆ ಪ್ರೋಗ್ರಾಂ ಸಾಮಾನ್ಯವಾಗಿ ಗೋಡೆಯ ಮೇಲಿನ ಇಂಟರ್ನೆಟ್ ಪೆಟ್ಟಿಗೆಯಲ್ಲಿರುತ್ತದೆ. ಇವರ ಪೆಟ್ಟಿಗೆ ಓಬೀರಾಯನ ಕಾಲದ್ದು. ಹಾಗಾಗಿ ತಮ್ಮ ಅದನ್ನು ಅಕ್ಕನ ಲ್ಯಾಪ್‌ಟಾಪಿನಲ್ಲೇ ಕೂರಿಸಿದ.

"ಅಂದ್ರೆ ನಂಬರ್ ಎಷ್ಟು ಸಲ ಬದಲಾದ್ರೂ..."

"ಹೆಸರಿದ್ದರೆ ಸಾಕು ಭಾವ."

ಬಾಗಿಲ ಬಳಿ ನಿಂತಿದ್ದ ಅಕ್ಕ ಕೇಳಿದಳು. "ನಾನು ಏನು ಮಾಡ್ತಿದ್ದೀನಿ ಅಂತಾನೂ ಕಾಣುತ್ತಾ?"

"ಪಟ್ಟಿ ನೋಡೋಕೆ ಕಣೇ," ಎಂದು ಭಾವ ನಕ್ಕ. ತಮ್ಮನಿಗೆ ನಿಜ ಗೊತ್ತಿತ್ತು. ಪರದೆಯೆಲ್ಲ ಕಾಣುತ್ತದೆ, ಮೌಸಿನ ಬಾಣದ ಗುರುತನ್ನು ಅಂಗಡಿಯಿಂದಲೇ ಆಡಿಸಬಹುದು. ಅವನು ಕೇಬಲ್ ಸುತ್ತತೊಡಗಿದ.

ಭಾವ ದಾಸ್ತಾನಿನ ಪಟ್ಟಿ ತೆರೆದದ್ದು ಮೊದಲ ವಾರ ಮಾತ್ರ. ಆಮೇಲೆ ಅವಳು ಗೆರೆ ಎಳೆಯುವುದನ್ನು ನೋಡುತ್ತ ಕೂರತೊಡಗಿದ. ಅವಳ ಕೈ ಹತ್ತು ನಿಮಿಷ ನಿಂತರೆ ಪರದೆಯ ಮೂಲೆಯಲ್ಲಿ ಅಕ್ಷರಗಳು ತಾವಾಗಿ ಮೂಡುತ್ತಿದ್ದವು: 'ನಿದ್ದೆನಾ?' ಗೆಳತಿಗೆ ಇಮೇಲ್ ಬರೆಯುತ್ತಿದ್ದರೆ ಸಾಲಿನ ನಡುವೆ 'ಇದನ್ನೂ ಬರಿ, ಗಂಡ ಒಳ್ಳೆಯವನು' ಎಂದು ಬರುತ್ತಿತ್ತು. ಇಂಟರ್ನೆಟ್ ಆರಿಸಿದರೆ ಎರಡೇ ನಿಮಿಷಕ್ಕೆ ಫೋನು. ಒಂದು ಮಧ್ಯಾಹ್ನ, ಬೆಳಗಿನಿಂದ ಬಿಡಿಸಿದ ತೋಳು ಅವಳ ಕಣ್ಣೆದುರಿಗೇ ತುಂಡುತುಂಡಾಗಿ ಅಳಿಸಿಹೋಯಿತು. ಅವಳು ಮುಟ್ಟಿರಲಿಲ್ಲ. ಊಟಕ್ಕೆ ಕೂತಾಗ ಭಾವ ಕೇಳಿದ, "ಇವತ್ತು ಕೆಲಸ ಎಷ್ಟಾಯ್ತು?"

"ಏನೂ ಆಗ್ಲಿಲ್ಲ."

"ಮನೇಲಿ ಕೂತು ಇಡೀ ದಿನ ಏನು ಮಾಡ್ತೀಯ ಅಂತ," ಎಂದು ತಟ್ಟೆ ಅವಳ ಕಡೆ ಚಾಚಿದ, ಬಡಿಸಲಿ ಎಂದು.

ಆರು ತಿಂಗಳಾದ ಮೇಲೆ ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಅಕ್ಕ ತಮ್ಮನನ್ನು ಕರೆದಳು. ಅವನು ಒಳಗಿನ ದಾಖಲೆ ತೆರೆದ. ಅಂಗಡಿಯಿಂದ ದಿನಕ್ಕೆ ಎಪ್ಪತ್ತು, ಎಂಬತ್ತು ಸಲ ಒಳಗೆ ಬಂದ ಗುರುತಿತ್ತು. ಅಕ್ಕ ಪರದೆ ನೋಡಲಿಲ್ಲ, ಅವನ ಮುಖ ನೋಡುತ್ತಿದ್ದಳು.

"ತೆಗೀತೀಯಾ?"

"ಭಾವನ್ನ ಒಂದು ಮಾತು ಕೇಳಿ ತೆಗೀತೀನಿ ಕಣಕ್ಕ."

ಅವಳು ಲ್ಯಾಪ್‌ಟಾಪ್ ಮುಚ್ಚಿ ಕೇಳಿದಳು. "ಇದನ್ನ ಬೇರೆ ಕಡೆ ತಗೊಂಡು ಹೋದ್ರೂ ಅವರಿಗೆ ಕಾಣುತ್ತಾ?"

"ಇಲ್ಲ. ದಾರಿ ತೆಗೆದಿರೋದು ಈ ಮನೆ ಪೆಟ್ಟಿಗೇಲಿ ಮಾತ್ರ. ಹೊರಗಡೆ ಹೋದ್ರೆ ಏನೂ ಕಾಣಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ಪರದೆ ಕಾಣುತ್ತಿರಲಿಲ್ಲ. ಆದರೆ ಪ್ರೋಗ್ರಾಂ ಎಲ್ಲಿಗೆ ಹೋದರೂ ನಂಬರು ಒಪ್ಪಿಸುತ್ತಲೇ ಇರುತ್ತದೆ ಎಂಬುದು ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ. ಭಾವನನ್ನು ಆ ಒಂದು ಮಾತು ಕೇಳಲೂ ಇಲ್ಲ.

ಮೂರು ವಾರದ ನಂತರ, ಭಾವ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ, ಅಕ್ಕ ಒಂದು ಚೀಲ ಮತ್ತು ಲ್ಯಾಪ್‌ಟಾಪ್ ಹಿಡಿದು ಮನೆ ಬಿಟ್ಟಳು. ಸಂಜೆ ಯಾರದೋ ಫೋನಿನಿಂದ ತಮ್ಮನಿಗೆ ಮಾತಾಡಿದಳು.

"ಚೆನ್ನಾಗಿದ್ದೀನಿ. ಎಲ್ಲಿದ್ದೀನಿ ಅಂತ ಕೇಳ್ಬೇಡ. ನಿಂಗೆ ಹೇಳಿದ್ರೆ ನೀನು ಸುಳ್ಳು ಹೇಳ್ಬೇಕಾಗುತ್ತೆ. ನಿಂಗದು ಬರಲ್ಲ."

ಒಂಬತ್ತನೇ ದಿನ ಭಾವ ಬಸ್ ಕಂಪನಿಯ ಕಚೇರಿಗೆ ಬಂದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ಟಿಕೆಟ್ ಬರೆಯುವ ಹೆಂಗಸರ ಎದುರಿಗೇ ತಮ್ಮನ ಪಕ್ಕ ಕುರ್ಚಿ ಎಳೆದುಕೊಂಡು ಅತ್ತ.

"ಬದುಕಿದ್ದಾಳೆ ಅಂತ ಗೊತ್ತಾದ್ರೆ ಸಾಕು ಇಂಜಿನಿಯರ್ರೇ. ಇನ್ನೇನೂ ಕೇಳಲ್ಲ."

ಗಂಡಸಿನ ಅಳು ತಮ್ಮನಿಗೆ ನೋಡಲಾಗಲಿಲ್ಲ. ಆಗ ಅವನಿಗೆ ಅಕ್ಕನ ಲ್ಯಾಪ್‌ಟಾಪಿಗಾಗಿ ಬರೆಸಿದ್ದ ಆ ಹೆಸರಿನ ನೆನಪಾಯಿತು. ಸೇವೆಯ ಪುಟ ತೆರೆದ. ಕೊನೆಯ ವರದಿ: ಇವತ್ತು, ಮೂರು ನಿಮಿಷದ ಹಿಂದೆ.

"ಇದ್ದಾಳೆ ಭಾವ. ಈಗಲೂ ಕೆಲಸ ಮಾಡ್ತಾ ಕೂತಿದ್ದಾಳೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಭಾವ ಮೂಗು ಒರೆಸಿಕೊಂಡು ಮೆಲ್ಲಗೆ ಅಂದ, "ಎಲ್ಲಿಂದ ಅನ್ನೋದು ಗೊತ್ತಾಗಲ್ಲ ಅಲ್ವಾ? ಅಷ್ಟೆಲ್ಲಾ ದೊಡ್ಡ ಓದು ಓದಿದವರ ಕೈಲಿ ಆಗೋ ಕೆಲಸ ಅನ್ಸುತ್ತೆ."

ತಮ್ಮನ ಬೆರಳು ತಡೆಯಲಿಲ್ಲ. ಆ ನಂಬರು ಯಾರ ಹೆಸರಿನಲ್ಲಿದೆ ಎಂದು ಹುಡುಕಿದ. ಮನೆಗಳ ನಂಬರಾದರೆ ಇಂಟರ್ನೆಟ್ ಕಂಪನಿಯ ಹೆಸರಷ್ಟೇ ಬರುತ್ತದೆ. ಇದು ಸ್ಟ್ಯಾಟಿಕ್. ಒಂದು ಸಂಸ್ಥೆ ತನಗೆಂದೇ ಬರೆಸಿಕೊಂಡದ್ದು. ಸಂಸ್ಥೆಯ ಹೆಸರು, ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ಎಂಬ ಸಾಲು, ಬೀದಿ, ಫೋನ್ ನಂಬರು, ಎಲ್ಲ ಒಟ್ಟಿಗೇ ಪರದೆಯ ಮೇಲೆ ಬಂದವು. ಅವನು ತಟಕ್ಕನೆ ಪುಟ ಮುಚ್ಚಿದ. ಆದರೆ ಭಾವ ಇಪ್ಪತ್ತು ವರ್ಷದಿಂದ ವೈದ್ಯರ ಕೈಬರಹವನ್ನು ಒಂದೇ ನೋಟಕ್ಕೆ ಓದುತ್ತ ಬಂದವನು.

"ದೊಡ್ಡ ಉಪಕಾರ ಆಯ್ತು," ಎಂದು ಎದ್ದ. ಕಣ್ಣು ಆಗಲೇ ಒಣಗಿತ್ತು. ಹೋಗುತ್ತ ಗುಂಡಿ ಸರಿಮಾಡಿಕೊಂಡ.

ತಮ್ಮ ಹಾಸ್ಟೆಲ್ಲಿಗೆ ಫೋನ್ ಮಾಡಿದ. "ಇಲ್ಲಿ ಯಾರಿದ್ದಾರೆ ಅಂತ ನಾವು ಯಾರಿಗೂ ಹೇಳಲ್ಲ," ಎಂದಳು ವಾರ್ಡನ್. "ಏನಾದ್ರೂ ವಿಷಯ ಇದ್ರೆ ಹೇಳಿ, ಬೋರ್ಡಲ್ಲಿ ಬರೆದು ಹಾಕ್ತೀನಿ." ಅವನ ಬಾಯಿಯವರೆಗೂ ಬಂತು. ಎಚ್ಚರಿಸಿದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಅಕ್ಕ ಕೇಳುತ್ತಾಳೆ. ಭಾವ ಹೋಗಿ ಮಾತಾಡಿಸಿ ಬರುತ್ತಾನೆ, ಅಷ್ಟೇ ತಾನೇ, ಎಂದುಕೊಂಡ. ಫೋನ್ ಇಟ್ಟ.

ಆದರೂ ಮಾರನೆಯ ದಿನ ಬಸ್ಸು ಹತ್ತಿದ. ಹಾಸ್ಟೆಲ್ಲಿನ ಮುಂದಿನ ಕೋಣೆಯಲ್ಲಿ ಭಾವ ನುಣ್ಣಗೆ ಗಡ್ಡ ಬೋಳಿಸಿಕೊಂಡು ಕೂತಿದ್ದ. ವಾರ್ಡನ್ ಮೇಜಿನ ಮೇಲೆ ಅವನ ಅಂಗಡಿಯ ರಸೀದಿಗಳು ಹರಡಿದ್ದವು. ಎರಡು ವರ್ಷದವು, ಮನಸ್ಸಿನ ಕಾಯಿಲೆಯ ಮಾತ್ರೆಗಳು, ಎಲ್ಲದರ ಮೇಲೂ ಅಕ್ಕನ ಹೆಸರು. ಅಂಗಡಿಯವನೇ ಬರೆದ ರಸೀದಿಗೆ ತಾರೀಖು ಯಾವುದಾದರೇನು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ತಮ್ಮನನ್ನು ಕಂಡದ್ದೇ ಅವಳ ಮುಖ ಅರಳಿತು.

ಭಾವ ಎದ್ದು ಅವನ ಹೆಗಲ ಮೇಲೆ ಕೈಹಾಕಿದ. "ಇವನೇ ನೋಡಿ ಮೇಡಂ, ಸ್ವಂತ ತಮ್ಮ. ಇವನೇ ಹುಡುಕಿಕೊಟ್ಟಿದ್ದು. ಬೇಕಾದ್ರೆ ಕೇಳಿ."

ಅರಳಿದ ಮುಖ ಹಾಗೇ ನಿಂತಿತು. ಅದು ಬಾಡುವುದಕ್ಕೂ ಒಂದು ಕ್ಷಣ ಬೇಕಾಯಿತು.

"ಅಕ್ಕಂಗೆ ಯಾವ ಕಾಯಿಲೆನೂ ಇಲ್ಲ," ಎಂದ ತಮ್ಮ. "ಇವೆಲ್ಲಾ ಸುಳ್ಳು."

"ಕಾಯಿಲೆ ಇಲ್ದೇ ಇದ್ರೆ, ತಾನಾಗಿ ಹೊರಟು ಬಂದೋರನ್ನ ನೀವು ಯಾಕೆ ಹುಡುಕಿ ಹೇಳಿದ್ರಿ?" ಎಂದಳು ವಾರ್ಡನ್.

ಅವಳು ರಸೀದಿಗಳನ್ನು ಜೋಡಿಸಿ ಭಾವನ ಕೈಗಿಟ್ಟಳು. ಮನೆ ಜಗಳ ಇಲ್ಲಿಗೆ ತರಬೇಡಿ, ಉಳಿದ ಹೆಂಗಸರೂ ಇದ್ದಾರೆ, ಸಂಜೆಯೊಳಗೆ ಕೋಣೆ ಖಾಲಿಯಾಗಬೇಕು ಎಂದಳು. ಹಾಸ್ಟೆಲ್ಲಿಗೆ ಬರುವ ಮೊದಲೇ ಭಾವ ಬಟ್ಟೆ ಕಾರ್ಖಾನೆಗೆ ಫೋನ್ ಮಾಡಿ, ಅವಳಿಗೆ ಹುಷಾರಿಲ್ಲ ಎಂದಿದ್ದ. 'ಹುಷಾರಾದ ಮೇಲೆ ನೋಡೋಣ' ಎಂಬ ಅವರ ಉತ್ತರ ಅಕ್ಕನ ಲ್ಯಾಪ್‌ಟಾಪಿಗೆ ಬಂದಾಗಿತ್ತು. ಅವಳು ಮೇಲೆ ಹೋಗಿ ಚೀಲ ತಂದಳು. "ನನ್ನ ಜೊತೆ ಬಾ ಅಕ್ಕ," ಎಂದು ತಮ್ಮ ಚೀಲಕ್ಕೆ ಕೈಹಾಕಿದ. ಅವಳು ಅದನ್ನು ಇನ್ನೊಂದು ಕೈಗೆ ಬದಲಾಯಿಸಿ ಗಂಡನ ಹಿಂದೆ ನಡೆದಳು.

ಆಮೇಲಿನ ಎರಡು ತಿಂಗಳು ಅವನು ಫೋನ್ ಮಾಡಿದಾಗಲೆಲ್ಲ ಎತ್ತಿದ್ದು ಭಾವನೇ. "ಮಲಗಿದ್ದಾಳೆ." "ಸ್ನಾನಕ್ಕೆ ಹೋಗಿದ್ದಾಳೆ." "ಈಗ ಎಷ್ಟೋ ವಾಸಿ, ಹಠ ಮಾಡಲ್ಲ." ಒಂದು ದಿನ ಹೇಳದೆ ಕೇಳದೆ ಹೋದ. ಅಕ್ಕ ಕಿಟಕಿ ಬದಿಯ ಕುರ್ಚಿಯಲ್ಲಿದ್ದಳು. ಮೈ ಊದಿತ್ತು, ಕೈಬೆರಳು ನಿಲ್ಲದೆ ನಡುಗುತ್ತಿದ್ದವು. ಕರೆದರೆ ತಿರುಗಲು ಹೊತ್ತು ಹಿಡಿಯುತ್ತಿತ್ತು. ರಸೀದಿಯಲ್ಲಿದ್ದ ಮಾತ್ರೆಗಳು ಈಗ ನಿಜವಾಗಿ ಹೊಟ್ಟೆಗೆ ಬೀಳುತ್ತಿವೆ ಎಂದು ಅವನಿಗೆ ಗೊತ್ತಾಯಿತು.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದ. ಎಲ್ಲ ಬರೆದುಕೊಟ್ಟ, ತಾನು ಮಾಡಿದ್ದನ್ನೂ ಬಿಡದೆ. ಮೂರನೇ ದಿನ ಮಹಿಳಾ ಪೊಲೀಸೊಬ್ಬಳು ಅವನ ಜೊತೆ ಮನೆಗೆ ಬಂದಳು. ಭಾವ ಕುರ್ಚಿ ಹಾಕಿ ಕೂರಿಸಿ, ತಾನು ಹೆಂಡತಿಯ ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತ.

"ನೋಡಮ್ಮಾ, ನಿಮ್ಮ ತಮ್ಮ ದೂರು ಕೊಟ್ಟಿದ್ದಾರೆ. ಯಜಮಾನರು ನಿಮಗೆ ಬೇಡದ ಮಾತ್ರೆ ಕೊಡ್ತಿದ್ದಾರೆ ಅಂತ. ನಿಜಾನಾ?"

ಅಕ್ಕನ ಕಣ್ಣು ನಿಧಾನವಾಗಿ ಕೋಣೆಯನ್ನು ಸುತ್ತಿ ತಮ್ಮನ ಮೇಲೆ ನಿಂತಿತು. ನಾಲಿಗೆ ದಪ್ಪವಾಗಿತ್ತು. ಆದರೂ ಒಂದೊಂದು ಮಾತನ್ನೂ ಬಿಡಿಸಿ, ಜೋಪಾನವಾಗಿ ಹೇಳಿದಳು.

"ಇವನ ಮಾತು ನಂಬಬೇಡಿ. ಇವನು ಅವರ ಕಡೆಯವನು. ನನ್ನ ಬಾಯಿ ಬಿಡಿಸೋಕೆ ಬಂದಿದ್ದಾನೆ."

"ಅಕ್ಕ, ಇಲ್ಲ ಕಣೇ..."

"ನೀವು ಸುಮ್ನಿರಿ," ಎಂದಳು ಪೊಲೀಸಿನವಳು. "ಹಾಗಾದ್ರೆ ನಿಮಗೆ ಇಲ್ಲೇನೂ ತೊಂದರೆ ಇಲ್ವಾ ಅಮ್ಮ?"

ಅಕ್ಕ ಇಲ್ಲ ಎಂದು ತಲೆಯಾಡಿಸಿದಳು. ಪೊಲೀಸಿನವಳು ಅಷ್ಟನ್ನು ಬರೆದುಕೊಂಡು ಸಹಿಗೆ ಹಾಳೆ ಚಾಚಿದಳು. ನಡುಗುವ ಬೆರಳಿಗೆ ಪೆನ್ನು ನಿಲ್ಲಲಿಲ್ಲ. ಭಾವ ಲೋಟ ಕೆಳಗಿಟ್ಟು, ಅವಳ ಕೈಯನ್ನು ತನ್ನ ಕೈಯೊಳಗೆ ಹಿಡಿದು, ನಿಧಾನವಾಗಿ ಸಹಿ ಮಾಡಿಸಿದ.