ಲೇಪಕೋವಾ ಅಕ್ಕ ತಂದ ತಾಯಿ

ನಮ್ಮ ದ್ವೀಪಗಳಲ್ಲಿ ಲೇಪಕೋವಾ ಅಕ್ಕನಷ್ಟು ಕೆಟ್ಟದಾಗಿ ಛಾಯಾಚಿತ್ರಗಳಲ್ಲಿ ಸೆರೆಯಾದವರು ಇನ್ನೊಬ್ಬರಿರಲಾರರು. ತಲೆಯಿಲ್ಲದ ಅಕ್ಕ, ಯಾರದೋ ಹೆಬ್ಬೆರಳಿನ ಹಿಂದೆ ಅರ್ಧ ಮುಳುಗಿದ ಅಕ್ಕ, ಆಕಾಶವೇ ತುಂಬಿಕೊಂಡ ಚಿತ್ರದ ಮೂಲೆಯಲ್ಲಿ ಬರೀ ಒಂದು ಕಿವಿಯಾಗಿ ಉಳಿದ ಅಕ್ಕ. ಕಾರಣ ಅವಳದೇ ಹಟ. ಯಾರ ಚಿತ್ರ ತೆಗೆಯಬೇಕಾದರೂ ಮೊದಲು ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟು, "ಮೊದ್ಲು ನೀವು ನನ್ನ ಹಿಡೀರಿ, ಆಮೇಲೆ ನನ್ನ ಸರದಿ" ಎಂದು ಎದುರಿಗೆ ಕೂತುಬಿಡುವಳು. ನಮ್ಮ ರಾಜಧಾನಿ ಪೋರ್ಟ್ ವಿಲಾದ ವಸ್ತುಸಂಗ್ರಹಾಲಯವೊಂದರ ಪರವಾಗಿ ಊರೂರಿನ ಆಚಾರಗಳನ್ನು ಚಿತ್ರಗಳಲ್ಲಿ ದಾಖಲಿಸುವುದು ಅವಳ ಉದ್ಯೋಗ. ಅವಳ ಚೀಲ ಹೊತ್ತು ದೋಣಿ ನಡೆಸುವುದು ಅವಳ ಚಿಕ್ಕಮ್ಮನ ಮಗನಾದ ನನ್ನ ಪಾಲಿಗೆ ಬಂದ ಪುಣ್ಯ.

ಬಲಗಾಲನ್ನು ತುಸು ಎಳೆದು ನಡೆಯುವ, ಎಂಥ ಸೆಕೆಯಲ್ಲೂ ಗಂಡನ ಹಳೆಯ ಮಳೆಕೋಟನ್ನು ಬಿಡದ ಹೆಂಗಸು. ಕೋಟಿನ ಒಳಜೇಬಿನಲ್ಲಿ, ಬೆವರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಹಿಂದಿನವರ ಕಾಲದ ಚಿತ್ರಗಳು. ಹಡಗಿನಲ್ಲಿ ಬಂದ ಪರದೇಶದವರು ಗಾಜಿನ ಫಲಕಗಳ ಮೇಲೆ ಹಿಡಿದು ಒಯ್ದಿದ್ದವು, ಈಗ ನಕಲುಗಳಾಗಿ ಮರಳಿದ್ದವು. ಅವುಗಳ ಅಡಿಬರಹವೆಂದರೆ 'ಬುಟ್ಟಿ ಹಿಡಿದ ಸ್ತ್ರೀ', 'ಒಬ್ಬ ಮುದುಕ', ಅಷ್ಟೇ. "ಹೆಸರು ಕೇಳೋಕೆ ಬಾಯಿರ್ಲಿಲ್ವಾ ಇವರಿಗೆ!" ಎಂದು ಗೊಣಗುತ್ತ ಅಕ್ಕ ಊರೂರು ಅಲೆದು, ಚಾಪೆಯ ಮೇಲೆ ಚಿತ್ರ ಹರಡಿ, ಅಜ್ಜಿಯರು ಬಾಯಿಬಿಡುವವರೆಗೆ ಕಾಯುವಳು. ಅವಸರವೆಂಬುದು ಅವಳ ಜಾಯಮಾನದಲ್ಲೇ ಇಲ್ಲ; ಕಾದು ಕಾದು ನನಗೆ ಎಷ್ಟೋ ಸಲ ರೇಗಿದೆ.

ಪುವೇಲಾ ಊರಿನ ಕಲ್ತಾಕ್ ತಾತ ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಆಕೆ ಬಂದರಿನ ದಡದಲ್ಲಿ ಒಮ್ಮೆ ಚಿತ್ರ ತೆಗೆಸಿಕೊಂಡಿದ್ದಳೆಂಬ ಮಾತು ಮಾತ್ರ ಊರಲ್ಲಿ ಉಳಿದಿತ್ತು. ಅಕ್ಕ 'ಬುಟ್ಟಿ ಹಿಡಿದ ಸ್ತ್ರೀ'ಯನ್ನು ಚಾಪೆಯ ಮೇಲಿಟ್ಟಾಗ ಮುದುಕಿಯರು ಒಕ್ಕೊರಲಿನಿಂದ ಆಕೆಯೇ ಎಂದರು. ದಡ ಅದೇ, ನಮ್ಮ ಹೆಂಗಸರು ಬಟ್ಟೆಯಂತೆ ಸೊಂಟಕ್ಕೆ ಸುತ್ತಿ ಉಡುವ ತೆಳುಚಾಪೆಯ ಗಂಟು ಎಡಸೊಂಟದ ಮೇಲೆ, ಪುವೇಲಾದ ಹೆಂಗಸರು ಕಟ್ಟುವ ಹಾಗೆಯೇ. ಅದೇ ಬಂದರನ್ನು ಬಳಸುವ ಕೊಲ್ಲಿಯಾಚೆಯ ಲುಮಾಸಿನವರು ಬಲಕ್ಕೆ ಕಟ್ಟುತ್ತಾರೆ. ನಮ್ಮಲ್ಲಿ ಸತ್ತವರ ಮುಖ ಊರಿಗೆ ಬಂದರೆ ಸತ್ತವರೇ ಬಂದಂತೆ. ಚಿತ್ರವನ್ನು ಹೊಸ ಚಾಪೆಯ ಮೇಲೆ ಮಲಗಿಸಿ ಹೆಂಗಸರು ಸುತ್ತ ಕೂತು ಅತ್ತರು, ಗಂಡಸರು ಹಂದಿ ಕಡಿದರು, ಗೆಡ್ಡೆ ತುರಿದು ಎಲೆಯಲ್ಲಿ ಸುತ್ತಿ ಊರಿಗೆಲ್ಲ ಲಾಪ್‌ಲಾಪ್ ಬೇಯಿಸಿದರು. "ಇಷ್ಟು ಚಿಕ್ಕೋಳಾ ನೀನು, ಅಮ್ಮಾ! ನನ್ ಮೊಮ್ಮಗಳ ವಯಸ್ಸು!" ಎಂದು ತಾತ ನಗುತ್ತಲೇ ಅತ್ತಾಗ ನಾನೂ ಅತ್ತೆ.

ಹಿಂದಿರುಗುವಾಗ ಅಕ್ಕ ದೋಣಿಯಲ್ಲಿ ತನ್ನ ಬಳಿಯಿದ್ದ ಇನ್ನೊಂದು ಪ್ರತಿಯನ್ನು ನೋಡುತ್ತ ಕೂತಿದ್ದಳು. ಚಿತ್ರದಲ್ಲಿ ದಡದ ಹಿಂದೊಂದು ಬೆಟ್ಟ. ನಮ್ಮ ಕಣ್ಣೆದುರಿಗೂ ಬಂದರಿನ ಅದೇ ದಡ, ಹಿಂದೆ ಅದೇ ಬೆಟ್ಟ. ಆದರೆ ಅದರ ಕಡಿದಾದ ಮಗ್ಗುಲು ಚಿತ್ರದಲ್ಲಿ ಎಡಕ್ಕಿತ್ತು, ಎದುರಿಗೆ ಬಲಕ್ಕೆ. ಅಕ್ಕ ಚಿತ್ರವನ್ನು ಬಿಸಿಲಿಗೆ ಹಿಡಿದು ಹಿಂಬದಿಯಿಂದ ನೋಡಿದಳು. ಬೆಟ್ಟ ಸರಿಹೋಯಿತು, ಗಂಟು ಬಲಸೊಂಟಕ್ಕೆ ಹೋಯಿತು. ಗಾಜಿನ ಫಲಕವನ್ನು ಯಾರೋ ತಿರುವುಮುರುವಾಗಿಟ್ಟು ಅಚ್ಚು ತೆಗೆದಿದ್ದರು. ಪುವೇಲಾದವರು ಹಂದಿ ಕಡಿದು ಅತ್ತದ್ದು ಲುಮಾಸಿನ ಹೆಂಗಸಿಗೆ.

"ಸುಮ್ನಿದ್ಬಿಡಕ್ಕ," ಎಂದೆ. "ತಾತ ಇನ್ನೆಷ್ಟು ದಿನ ಇರ್ತಾರೆ? ಅಮ್ಮ ಸಿಕ್ಕಿದ್ಲು ಅಂದ್ಕೊಂಡೇ ಹೋಗ್ಲಿ."

"ಲುಮಾಸಲ್ಲೂ ಇವಳನ್ನ ಯಾರೋ ಕಾಯ್ತಿರ್ತಾರಲ್ಲೋ. ದೋಣಿ ತಿರುಗ್ಸು."

ತಾತ ಚಿತ್ರವನ್ನು ಎದೆಯ ಮೇಲಿಟ್ಟುಕೊಂಡು ಒರಗಿದ್ದರು. ಅಕ್ಕ ಸುತ್ತಿಬಳಸದೆ ಹೇಳಿದಳು, ಬೆಟ್ಟವನ್ನು ತಾನು ಮೊದಲೇ ನೋಡಬೇಕಿತ್ತು ಎಂದಳು. ತಾತನ ಸೊಸೆ ಸಿಡಿದೆದ್ದಳು: "ಕೊಟ್ಟ ತಾಯೀನ ಕಿತ್ಕೊಳ್ಳೋಕೆ ಬಂದ್ಯಾ? ನಾವೆಲ್ಲ ಅತ್ತಿದ್ದೇನು ನಾಟಕಾನಾ?" ಅಕ್ಕ ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು, ಎದ್ದು ಹೋಗಲಿಲ್ಲ. ತಾತನ ಮುಖ ಬಾಡಿದ್ದನ್ನು ನೋಡಲಾರದೆ ನನಗೆ ಆ ಗಳಿಗೆ ಅಕ್ಕನ ಮೇಲೆ ದ್ವೇಷವೇ ಹುಟ್ಟಿತು.

"ಸುಮ್ನಿರಮ್ಮ," ಎಂದರು ತಾತ ಕೊನೆಗೆ ಸೊಸೆಗೆ. "ಅತ್ತಿದ್ದು ಸುಳ್ಳಾಗಲ್ಲ. ಪಾಪ, ಈ ಹುಡುಗಿಗೋಸ್ಕರ ಅಳೋರು ಅಲ್ಲೂ ಇದ್ದಾರು." ಚಿತ್ರವನ್ನು ಆ ಹೊಸ ಚಾಪೆಯಲ್ಲೇ ಸುತ್ತಿ, ಬೇಡವೆಂದರೂ ಕೇಳದೆ ತಾವೇ ದೋಣಿ ಹತ್ತಿದರು. ಲುಮಾಸಿನ ದಡದಲ್ಲಿ ಕೂಡಿದ ಜನರ ಕೈಗೆ ಚಾಪೆಯನ್ನು ಕೊಟ್ಟು ಹೇಳಿದರು: "ನಿಮ್ಮನೆ ಮಗಳು. ನಮ್ಮನೇಲಿ ಒಂದು ದಿನ ಅಮ್ಮನಾಗಿದ್ಲು."

ತಾತ ಆ ಮಳೆಗಾಲ ದಾಟಲಿಲ್ಲ. ತಾಯಿಯ ಮುಖ ಕಾಣದೆಯೇ ಹೋದರು. ಅಕ್ಕ ಇಂದಿಗೂ ಆಕೆಗಾಗಿ ಹಳೆಯ ಚಿತ್ರಗಳನ್ನು ತಡಕಾಡುತ್ತಾಳೆ. ನಾನಂತೂ ಅಕ್ಕನನ್ನು ಪೂರ್ತಿ ಕ್ಷಮಿಸಿಲ್ಲ, ಅವಳ ಚೀಲ ಹೊರುವುದನ್ನು ಬಿಟ್ಟೂ ಇಲ್ಲ. ಇಂಥವರನ್ನು ಲೋಕ ಕಲ್ಲುಮನಸ್ಸಿನವರೆನ್ನುತ್ತದೆ. ಆದರೆ ಕಣ್ಣೆದುರು ಅಳುತ್ತಿರುವವರ ಹಾಗೆಯೇ ಕಾಣದ ದಡದಲ್ಲಿ ಕಾಯುತ್ತಿರುವವರೂ ಅವರಿಗೆ ಸ್ವಂತದವರು. ಎರಡೂ ಕಡೆಗೆ ಹಂಚಿಹೋದ ಆ ಕರುಣೆ ನಮ್ಮ ಪಾಲಿಗೆ ಬರುವಾಗ ಕಡಿಮೆಯಾಯಿತೆಂದು ನಾವು ಮುನಿಯುತ್ತೇವೆ.