ಸೊಟ್ಟಮ್ಮನ ಗೋಪುರ

ದೋಣಿಯವನು ಟಿಕೆಟ್ ಹರಿಯುತ್ತಾ ಕೇಳಿದ: "ಏನ್ ಸೊಟ್ಟಮ್ಮ, ಬೀಳೋ ಮುಂಚೆ ಒಂದ್ಸಲ ನೋಡ್ಕೊಂಡು ಬರೋಣ ಅಂತಾನಾ?"

"ದೋಣಿ ನೆಟ್ಟಗೆ ಬಿಡಪ್ಪ, ಸಾಕು," ಎಂದಳು ಅಮ್ಮ.

ಅಮ್ಮ ಗಾರೆ ಮೇಸ್ತ್ರಿ. ದ್ವೀಪದ ವಾಲಿದ ಗಂಟೆಗೋಪುರದ ಅಡಿಪಾಯವನ್ನು ಒಂಬತ್ತು ವರ್ಷದ ಹಿಂದೆ ಗಟ್ಟಿ ಮಾಡಿದ್ದು ಅವಳ ತಂಡ. ಇನ್ನೂರು ವರ್ಷದಿಂದ ಸಮುದ್ರದ ಕಡೆ ವಾಲುತ್ತಲೇ ಇದ್ದ ಗೋಪುರ ಆಗ ನಿಂತಿತು. ಆದರೆ ಈ ವರ್ಷದ ಅಳತೆಯಲ್ಲಿ ಮತ್ತೆ ನಾಲ್ಕು ಬೆರಳು ವಾಲಿದೆ ಎಂದು ಪತ್ರಿಕೆಯಲ್ಲಿ ಬಂತು. ಗಂಟೆ ಬಾರಿಸುವುದನ್ನು ನಿಲ್ಲಿಸಿ ಕಟ್ಟಿಹಾಕಿದರು. ಅಮ್ಮನಿಗೆ ಹೊಸ ಹೆಸರು ಬಿತ್ತು, ಒಪ್ಪಿಕೊಂಡಿದ್ದ ಎರಡು ಕೆಲಸ ಕೈತಪ್ಪಿದವು. ಸೋಮವಾರದಿಂದ ಗೋಪುರಕ್ಕೆ ಬೀಗ. ಹಾಗಾಗಿ ಭಾನುವಾರ ಬೆಳಿಗ್ಗೆಯೇ ಹೊರಟಳು. ಬೇಡವೆಂದರೂ ನಾನು ಹಿಂದೆ ಬಿದ್ದೆ.

ದ್ವೀಪದಲ್ಲಿ ಇಳಿದವರೆಲ್ಲ ಗೋಪುರಕ್ಕೆ ಕೈ ಕೊಟ್ಟು ಎತ್ತಿಹಿಡಿದ ಹಾಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಮ್ಮ ಬುಡದ ಸುತ್ತ ಎರಡು ಸುತ್ತು ಹಾಕಿದಳು, ಸಂದುಗಳಲ್ಲಿ ಉಗುರು ಆಡಿಸಿದಳು.

"ಒಂದು ಕೂದಲೆಳೆ ಬಿರುಕಿಲ್ಲ ಕಣೇ. ಮತ್ತೆ ಹೇಗೆ ವಾಲ್ತು?"

ಎಂದವಳೇ ಒಳಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಒಳಗೆ ಗಂಟೆಯ ತೊಲೆಯಿಂದ ತಂತಿಯಲ್ಲಿ, ವಾಲಿದ್ದು ತೋರಿಸುವ ತೂಗುಗುಂಡು ಇಳಿಬಿಟ್ಟಿದ್ದರು. ನೆಲದ ಕಲ್ಲೊಂದರಲ್ಲಿ, ಅಮ್ಮನ ಕೆಲಸ ಮುಗಿದಾಗ ಗುಂಡಿನ ನೇರಕ್ಕೆ ಗುರುತಾಗಿ ಹೊಡೆದ ಹಿತ್ತಾಳೆ ಮೊಳೆ. ಎಂಟು ವರ್ಷ ಗುಂಡು ಮೊಳೆಯ ನೆತ್ತಿಯ ಮೇಲೇ ನಿಂತಿತ್ತಂತೆ. ಈಗ ನಾಲ್ಕು ಬೆರಳು ಸಮುದ್ರದ ಕಡೆಗಿತ್ತು. ಪಕ್ಕದಲ್ಲಿ ಎಂಜಿನಿಯರ್ ಅಳತೆ ಟೇಪು ಹಿಡಿದು ಕೂತಿದ್ದ.

"ನೀವೇ ನೋಡಿ ಮೇಸ್ತ್ರಿಯವರೇ. ಗುಂಡು ಸುಳ್ಳು ಹೇಳಲ್ಲ."

ಅಮ್ಮ ಗುಂಡು ನೋಡಲಿಲ್ಲ. ಮೆಟ್ಟಿಲ ಕಡೆಯಿಂದ ನೆಲ ನೋಡಿದಳು. ಸಾವಿರಾರು ಕಾಲು ಸವೆಸಿದ ಹಳ್ಳ ಬಾಗಿಲಿನಿಂದ ಕಲ್ಲು ದಾಟಿ ಕಲ್ಲಿಗೆ ಹರಿದು ಬಂದು, ಮೊಳೆಯ ಕಲ್ಲಿನ ಅಂಚಿಗೆ ತಟ್ಟನೆ ನಿಂತಿತ್ತು. ಆ ಕಲ್ಲಿನಲ್ಲೂ ಹಳ್ಳವಿತ್ತು, ಆದರೆ ಗೋಡೆ ಕಡೆಯ ತುದಿಯಲ್ಲಿ. ಅಲ್ಲಿ ಯಾರೂ ನಡೆಯುವುದಿಲ್ಲ.

"ಈ ನೆಲ ಯಾವಾಗ ಎತ್ತಿದ್ರಿ?"

"ಹೋದ ವರ್ಷ. ಕೆಳಗೆ ವಿದ್ಯುತ್ ತಂತಿ ಹಾಕ್ಸಿದ್ವಿ. ಕಲ್ಲೆಲ್ಲ ಅಲ್ಲಲ್ಲೇ ಕೂರಿಸಿದ್ದಾರಲ್ಲ."

"ಅಲ್ಲೇ ಕೂರಿಸಿದ್ದಾರೆ ಸರ್, ಹಿಂದುಮುಂದಾಗಿ. ಮೊಳೆ ಕಲ್ಲಿನ ನಡುಮಧ್ಯದಲ್ಲಿಲ್ಲ, ಎರಡು ಬೆರಳು ಪಕ್ಕಕ್ಕಿದೆ. ತಿರುಗಿಸಿ ಕೂರಿಸಿದ್ರೆ ಆ ಕಡೆಗೆ ಎರಡು, ಈ ಕಡೆಗೆ ಎರಡು. ಎಷ್ಟಾಯ್ತು?"

ಎಂಜಿನಿಯರ್ ಟೇಪಿನಿಂದ ಕಲ್ಲನ್ನೊಮ್ಮೆ ಅಳೆದ. ಆಮೇಲೆ ಇನ್ನೊಮ್ಮೆ. ಕಿವಿ ಕೆಂಪಾಯಿತು. ಕಾವಲುಗಾರನಿಗೆ ಹಾರೆ ತರಲು ಹೇಳಿದ.

ಮೂವರೂ ಸೇರಿ ಕಲ್ಲೆಬ್ಬಿಸಿದರು. ತಿರುಗಿಸುವಾಗ ಅಮ್ಮ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕಲ್ಲು ಕೂತಿತು. ಬಾಗಿಲಿನಿಂದ ಬಂದ ಹಳ್ಳ ಅದರ ಮೇಲೆ ಹರಿದು ನೇರ ಮೆಟ್ಟಿಲು ಮುಟ್ಟಿತು. ಓಲಾಡುತ್ತಿದ್ದ ಗುಂಡನ್ನು ಎಂಜಿನಿಯರ್ ಎರಡು ಬೆರಳಲ್ಲಿ ಹಿಡಿದು ಬಿಟ್ಟ. ಅದು ಸ್ವಲ್ಪ ನಡುಗಿ, ಮೊಳೆಯ ನೆತ್ತಿಯ ಮೇಲೆ ನಿಂತಿತು.

ಎಂಜಿನಿಯರ್ ಟೇಪು ಸುತ್ತಿಟ್ಟು, "ಪತ್ರಿಕೆಯವರಿಗೆ ಇವತ್ತೇ ಬರೆದು ಕಳಿಸ್ತೀನಿ. ತಪ್ಪು ನಮ್ಮದು ಅಂತಲೇ," ಎಂದ.

"ಬರೀರಿ. ಅದಕ್ಕೆ ಮುಂಚೆ ಗಂಟೆಯ ಕಟ್ಟು ಬಿಚ್ಚಿಸಿ."

ನೂರಾ ಹನ್ನೆರಡು ಮೆಟ್ಟಿಲು. ಅಮ್ಮ ಎಲ್ಲೂ ಕೂರಲಿಲ್ಲ, ಕೂತವಳು ನಾನು. ಮೇಲೆ ಹತ್ತಿ ಹಗ್ಗ ಕೈಗೆ ಸುತ್ತಿಕೊಂಡು, ಕಾಲು ಅಗಲಿಸಿ ನಿಂತು ಎಳೆದಳು. ಮೊದಲ ಏಟಿಗೆ ಪಾರಿವಾಳಗಳೆಲ್ಲ ಎದ್ದು ಹೋದವು. ಹದಿನೈದು ಸಲ ಬಾರಿಸಿದಳು. ಹೊತ್ತು ನೋಡಿದರೆ ಆಗಿದ್ದು ಬರೀ ಹನ್ನೊಂದು ಗಂಟೆ.

ವಾಪಸು ಹೋಗುವಾಗ ದೋಣಿಯವನು ಗೋಪುರವನ್ನೇ ನೋಡುತ್ತಾ ನಿಂತಿದ್ದ.

"ಗಂಟೆ ಬಾರಿಸಿದ್ರಲ್ಲ, ಯಾರದು?"

ಅಮ್ಮ ಸೆರಗಿನಿಂದ ಅಂಗೈಗೆ ಹತ್ತಿದ್ದ ಹಾರೆಯ ತುಕ್ಕು ಒರೆಸಿಕೊಂಡು, ಅವನ ಮುಂದಿನ ಹಲಗೆಯ ಮೇಲೆ ನೆಟ್ಟಗೆ ಕೂತಳು.

"ಸೊಟ್ಟಮ್ಮ," ಎಂದಳು.