ಎಂಟರ್ ಒತ್ತುವ ಮೊದಲು

“ಕಮಾಂಡ್ ಟೈಪ್ ಮಾಡೋದೆಲ್ಲ ನಮ್ಮ ಕಾಲಕ್ಕೇ ಮುಗೀತು ಕಣಮ್ಮ. ಬಟನ್ ಇದೆ, ಒತ್ತು ಅಷ್ಟೆ,” ಎಂದರು ಮ್ಯಾನೇಜರ್.

“ಒತ್ತೋಕೆ ಬಟನ್ನೇ ಕಾಣ್ತಿಲ್ಲ ಸಾರ್. ನೀವೇ ನೋಡಿ.”

ಆಸ್ಪತ್ರೆಯ ಸರ್ವರ್ ನೋಡಿಕೊಳ್ಳಲೆಂದು ಅವರು ಹಟ ಹಿಡಿದು ತರಿಸಿದ್ದ ಬಣ್ಣಬಣ್ಣದ ಪರದೆ ಬಿಳಿಚಿಕೊಂಡು ಕೂತಿತ್ತು. ಡಿಸ್ಕ್ ಕಂಠಮಟ್ಟ ತುಂಬಿ, ರೋಗಿಗಳ ದಾಖಲೆ ಯಾವ ವಾರ್ಡಿನಲ್ಲೂ ತೆರೆಯುತ್ತಿರಲಿಲ್ಲ. ಉಳಿದದ್ದು ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ. ಅದರ ಭಾಷೆಯನ್ನು ಅವಳು ಊಟದ ಬಿಡುವಿನಲ್ಲಿ ತಾನಾಗಿ ಕಲಿತಿದ್ದಳು, ಅದೂ ಅರ್ಧಂಬರ್ಧ. ಏನೂ ಬಾರದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

ಫೋನು ಹೊಡೆದುಕೊಂಡಿತು. ಮೇಲಿನ ಮಹಡಿಯ ಹೆರಿಗೆ ವಾರ್ಡಿನಿಂದ ಅಣ್ಣ. ಸ್ಪೀಕರಿಗೆ ಹಾಕಿದಳು.

“ಪುಟ್ಟಿ, ನಿನ್ನ ಅತ್ತಿಗೇನ ಆಪರೇಷನ್‌ಗೆ ಒಳಗೆ ಕರ್ಕೊಂಡ್ಹೋದ್ರು ಕಣೆ. ಮಗು ಎದೆಬಡಿತ ಇಳೀತಿದ್ಯಂತೆ. ಹಿಂದಿನ ಸಲ ಯಾವ ಇಂಜೆಕ್ಷನ್‌ಗೆ ಉಸಿರು ಕಟ್ಟಿತ್ತು ಅಂತ ಕೇಳ್ತಿದ್ದಾರೆ. ದಾಖಲೆ ತೆರೀತಿಲ್ವಂತೆ!”

“ನಿನಗೆ ನೆನಪಿಲ್ವೇನೋ?”

“ಅದೇನೋ ಉದ್ದದ ಹೆಸರು. ತಲೆ ಓಡ್ತಿಲ್ಲ, ಬೇಗ ಏನಾದ್ರೂ ಮಾಡೆ.”

ಸರ್ವರಿನಲ್ಲಿ ಬಿದ್ದಿರುವ ಹಳೆಯ ಕಡತಗಳನ್ನು ಅಳಿಸಿದರೆ ಜಾಗವಾದೀತು. ಅಳಿಸುವ ಸಾಲನ್ನು ಟೈಪ್ ಮಾಡಿದಳು. ಬೆರಳು ಎಂಟರ್ ಮೇಲೆ ಬಂತು.

“ಒತ್ತಮ್ಮ! ಇನ್ಯಾರ ಅಪ್ಪಣೆ ಬೇಕು?”

ಅವಳು ಪರದೆಯನ್ನು ಮತ್ತೊಮ್ಮೆ ನೋಡಿದಳು. ತೆರೆದಿದ್ದ ಕಪ್ಪು ಕಿಟಕಿಗಳು ಎರಡು. ಒಂದು ಸರ್ವರಿನದು, ಇನ್ನೊಂದು ಎಲ್ಲ ದಾಖಲೆಗಳ ನಕಲು ಇಟ್ಟುಕೊಂಡ ಯಂತ್ರದ್ದು. ನೋಡಲು ಅವಳಿಜವಳಿ. ತಾನೀಗ ಯಾವುದರಲ್ಲಿದ್ದೇನೆ? ಕಪ್ಪು ಪರದೆ ‘ಖಂಡಿತವಾ?’ ಎಂದು ಯಾರನ್ನೂ ಕೇಳುವುದಿಲ್ಲ.

ಎಂಟರಿನ ನೆತ್ತಿಯ ಮೇಲೇ ಬ್ಯಾಕ್‌ಸ್ಪೇಸ್. ಬೆರಳು ಜಾರೀತೆಂದು ಎಡಗೈಯಿಂದ ಬಲಗೈ ಹಿಡಿದು, ಒಂದೊಂದೇ ಅಕ್ಷರ ಅಳಿಸಿದಳು. ಯಂತ್ರದ ಹೆಸರು ಕೇಳುವ ಪುಟ್ಟ ಕಮಾಂಡ್ ಹಾಕಿದಳು.

ನಕಲು ಯಂತ್ರ! ಒತ್ತಿದ್ದರೆ ಇಡೀ ಆಸ್ಪತ್ರೆಯ ನಕಲು ನೀರುಪಾಲು. ಮರುಕ್ಷಣವೇ ಹೊಳೆಯಿತು: ಹಾಗಾದರೆ ಅತ್ತಿಗೆಯ ದಾಖಲೆಯೂ ಇಲ್ಲೇ ಇರಬೇಕು.

“ಏನ್ ಮಾಡ್ತಿದ್ದೀಯಾ?”

“ಹುಡುಕ್ತಿದ್ದೀನಿ ಸಾರ್. ಮಾತಾಡಿಸ್ಬೇಡಿ.”

ಅತ್ತಿಗೆಯ ದಾಖಲೆಯಲ್ಲಿ ಬರೆಸಿದ್ದ, ತನಗೆ ಬಾಯಿಪಾಠವಾಗಿದ್ದ ಅಣ್ಣನ ಫೋನ್ ನಂಬರ್ ಕೊಟ್ಟು, ಎಲ್ಲ ಕಡತಗಳನ್ನೂ ಜಾಲಾಡುವ ಸಾಲು ಬರೆದಳು. ಒತ್ತಿದಳು. ಪರದೆ ಸುಮ್ಮನಿತ್ತು. ಆಮೇಲೆ ಅತ್ತಿಗೆಯ ಹೆಸರು, ಪಕ್ಕದಲ್ಲೇ ‘ಕೊಡಕೂಡದು’ ಎಂಬ ಎಚ್ಚರಿಕೆಯೊಡನೆ ಒಂದು ಔಷಧಿ ಕಾಣಿಸಿಕೊಂಡಿತು.

“ಅಣ್ಣಾ, ನರ್ಸ್‌ಗೆ ಫೋನ್ ಕೊಡು. ಓಡು!”

ಚಪ್ಪಲಿಯ ಸದ್ದು. ಬಾಗಿಲು ಬಡಿದ ಸದ್ದು. ಹೆಂಗಸಿನ ಅವಸರದ ದನಿ: “ಹೇಳಿ, ಬೇಗ.”

ಅವಳು ಅಕ್ಷರ ಬಿಡಿಸಿ ಬಿಡಿಸಿ ಓದಿದಳು.

“ಇನ್ನೊಂದ್ಸಲ ಹೇಳಿ.”

ಮತ್ತೆ ಓದಿದಳು.

“ಅಯ್ಯೋ ದೇವ್ರೇ... ಡಾಕ್ಟ್ರೇ, ನಿಲ್ಸಿ! ಚುಚ್ಬೇಡಿ!”

ಫೋನಿನಲ್ಲಿ, ಸ್ಟೀಲಿನ ತಟ್ಟೆಗೆ ಏನೋ ಠಣ್ಣೆಂದು ಬಿದ್ದದ್ದು ಕೇಳಿಸಿತು.